40 ಜಿಬಿ ಡಿಸ್ಕು, 2 ಎಂಬಿ ಲೈನು: ಐದೂವರೆ ತಾಸಿನ ಕೆಲಸ ಎರಡು ದಿನ ಆಗಿದ್ದು ಹೇಗೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಗೊಂದಲದ್ದು: ಬಿಟ್ಟು ಯಾವುದು, ಬೈಟು ಯಾವುದು. ಹಿಂದೆಯೂ ಉತ್ತರ ಬರೆದಿದ್ದೇನೆ, ಆದರೂ ನಿಲ್ಲುತ್ತಿಲ್ಲ. ಈ ಗೊಂದಲದಿಂದ ಜನರ ದುಡ್ಡೂ ಹೋಗುತ್ತಿದೆ, ದಿನವೂ ಹಾಳಾಗುತ್ತಿದೆ. ಹಾಗಾಗಿ ಒಂದು ಪ್ರಶ್ನೆಗೆ ಪೂರ್ತಿ ಲೆಕ್ಕ ಕೊಡುತ್ತೇನೆ.

ಪ್ರಶ್ನೆ: ನಮ್ಮ ಸಂಘದ ಹಳೆಯ ಲೆಕ್ಕವೆಲ್ಲ 40 ಜಿಬಿಯ ಐಡಿಇ (ಹಳೆಯ ಚಪ್ಪಟೆ ಕೇಬಲ್ಲಿನ) ಹಾರ್ಡ್ ಡಿಸ್ಕಿನಲ್ಲಿದೆ. ಅದನ್ನು ಕಾರವಾರದ ಕಚೇರಿಗೆ 2 ಎಂಬಿ ಲೀಸ್ಡ್ ಲೈನಿನಲ್ಲಿ (ನಮಗೇ ಮೀಸಲಾದ ಬಾಡಿಗೆ ಲೈನು) ಕಳಿಸಬೇಕಿತ್ತು. 40,000ವನ್ನು 2ರಿಂದ ಭಾಗಿಸಿದರೆ 20,000 ಸೆಕೆಂಡು, ಅಂದರೆ ಐದೂವರೆ ತಾಸು. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ದು, ಮರುದಿನ ಬೆಳಿಗ್ಗೆ ಎಂಟಕ್ಕೆ ಅರ್ಧವೂ ಆಗಿರಲಿಲ್ಲ. ಲೈನಿನವರು ಮೋಸ ಮಾಡುತ್ತಿದ್ದಾರಾ? (ಶಿರಸಿ)

ಉತ್ತರ: ಮೋಸ ಇಲ್ಲ. ತಪ್ಪಿರುವುದು ಭಾಗಾಕಾರ.

ಡಿಸ್ಕಿನವರು ಬೈಟಿನಲ್ಲಿ ಮಾತಾಡುತ್ತಾರೆ, ಟೆಲಿಫೋನಿನವರು ಬಿಟ್ಟಿನಲ್ಲಿ. ಎಂಟು ಬಿಟ್ಟು ಸೇರಿದರೆ ಒಂದು ಬೈಟು. ಇಬ್ಬರೂ ಬಾಯಲ್ಲಿ "ಎಂಬಿ" ಅಂತಲೇ ಅನ್ನುತ್ತಾರೆ. ನಿಮ್ಮ ಡಿಸ್ಕಿನ ಮೇಲೆ ಎಟಿಎ-100 ಅಂತ ಬರೆದಿದ್ದರೆ ಅದು ಸೆಕೆಂಡಿಗೆ 100 ಮೆಗಾಬೈಟ್, ಅಂದರೆ 800 ಮೆಗಾಬಿಟ್. ಅದೂ ಕೇಬಲ್ಲಿನ ಮಿತಿ, ಆ ಕಾಲದ ಡಿಸ್ಕು ಅಷ್ಟು ಕೊಡುವುದಿಲ್ಲ. ಮನೆಯ ಫೈಬರಿನ 100 ಮಾತ್ರ 100 ಮೆಗಾಬಿಟ್. ಅಂಕಿ ಒಂದೇ, ಅಂತರ ಎಂಟು ಪಟ್ಟು.

ಇನ್ನು ನಿಮ್ಮ ಲೈನು. ಅದರ ಹೆಸರು ಇ1, ವೇಗ ಸೆಕೆಂಡಿಗೆ 2.048 ಮೆಗಾಬಿಟ್. ಈ 2048 ನೋಡಿದ ಕೂಡಲೇ ಕಂಪ್ಯೂಟರ್ ಕಲಿತವರು "ಓ, 1024ರ ಎರಡು ಪಟ್ಟು" ಅಂದುಬಿಡುತ್ತಾರೆ. ಅಲ್ಲವೇ ಅಲ್ಲ. ಮನುಷ್ಯನ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್ಟಿನಲ್ಲಿ ಬರೆದರೆ 64,000 ಬಿಟ್. ಅದು ಒಂದು ಫೋನ್ ಮಾತಿನ ಜಾಗ. ಅಂಥ 32 ಜಾಗ ಸೇರಿದರೆ 20,48,000. ಕಂಪ್ಯೂಟರಿನವರು ಕೆಲವು ಕಡೆ ಕಿಲೋ ಅಂದರೆ 1024 ಅನ್ನುತ್ತಾರೆ, ಟೆಲಿಕಾಂನಲ್ಲಿ ಕಿಲೋ ಅಂದರೆ ಯಾವತ್ತೂ 1000. ಇದಕ್ಕೆ 1024 ತುರುಕುವ ಕನ್ವರ್ಟರ್ ಆ್ಯಪುಗಳನ್ನು ದಯವಿಟ್ಟು ಅಳಿಸಿಹಾಕಿ. ಕಾಗದ, ಪೆನ್ನು ಸಾಕು.

ಆ 32ರಲ್ಲಿ ಮೊದಲನೆಯ ಜಾಗ ಎರಡೂ ತುದಿ ತಾಳ ತಪ್ಪದಂತೆ ನೋಡಿಕೊಳ್ಳಲು ಹೋಗುತ್ತದೆ. ನಿಮಗೆ ಉಳಿಯುವುದು 31, ಅಂದರೆ 1.984 ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 248 ಕಿಲೋಬೈಟ್. 40 ಜಿಬಿ ದಾಟಲು 1,61,290 ಸೆಕೆಂಡು, ಹತ್ತಿರ ಹತ್ತಿರ 45 ತಾಸು. ಪ್ರತಿ ಪ್ಯಾಕೆಟ್ಟಿನ ತಲೆಗೆ ಅಂಟುವ ವಿಳಾಸದ ಭಾರ ಬೇರೆ. ಎರಡು ದಿನ ಆಗಲೇಬೇಕು, ಅಲ್ವಾ?

ನಿಮ್ಮ ಜಾಗದಲ್ಲಿ ನಾನಿದ್ದರೆ ಲೈನನ್ನೇ ಮುಟ್ಟುತ್ತಿರಲಿಲ್ಲ. ಐಡಿಇಯಿಂದ ಯುಎಸ್‌ಬಿ 2.0ಗೆ ಹಾಕುವ ಅಡಾಪ್ಟರ್ ಸಿಗುತ್ತದೆ. ಅದರ ಮೇಲೆ 480 ಮೆಗಾಬಿಟ್ ಅಂತ ಇರುತ್ತದೆ. ಕೈಗೆ ಬರುವುದು ಸೆಕೆಂಡಿಗೆ 30 ಮೆಗಾಬೈಟಿನ ಆಸುಪಾಸು. ಹೊಸ ಡಿಸ್ಕಿಗೆ ನಕಲು ಮಾಡಲು ಅರ್ಧ ತಾಸು ಹಿಡಿಯಿರಿ. ಸಣ್ಣ ಸಣ್ಣ ಫೈಲುಗಳೇ ತುಂಬಿದ್ದರೆ ಇನ್ನೂ ಜಾಸ್ತಿ. ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಕಾರವಾರ ಮುಟ್ಟಲು ನಾಲ್ಕು ತಾಸು ಅಂದುಕೊಳ್ಳಿ, ಅಲ್ಲಿ ಇಳಿಸಿಕೊಳ್ಳಲು ಮತ್ತೆ ಅರ್ಧ. ಒಟ್ಟು ಐದು ತಾಸು. ಈಗ ಲೆಕ್ಕ ಹಾಕಿ: 3,20,000 ಮೆಗಾಬಿಟ್ಟನ್ನು 18,000 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 18 ಮೆಗಾಬಿಟ್. ನಿಮ್ಮ ಲೈನಿಗಿಂತ ಒಂಬತ್ತು ಪಟ್ಟು ಬೇಗ ಹೋಗುವುದು ಬಸ್ಸು.

ಆದರೆ ಹಳೆಯ ಡಿಸ್ಕನ್ನು ಬಸ್ಸು ಹತ್ತಿಸಬೇಡಿ. ನಕಲು ಮಾತ್ರ ಹೋಗಲಿ. ಒಂದು ಮಳೆಗಾಲದಲ್ಲಿ ಒಂದು ಕಚೇರಿಯವರು ಇದ್ದ ಒಂದೇ ಡಿಸ್ಕನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ನನ್ನ ಹತ್ತಿರ ತಂದರು. ಬಿಚ್ಚಿದರೆ ಕೊಟ್ಟೆಯ ಒಳಗೆಲ್ಲ ಬೆವರು, ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು, ಒಂದು ಪಿನ್ನು ಬಗ್ಗಿತ್ತು. ಇಲ್ಲಿಗೆ ತರುವ ಮೊದಲೇ ಯಾರೋ ಅದನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡಲು ಹೋಗಿದ್ದರು. ನಾನು ಮುಟ್ಟಿದಾಗ ಮುರಿದು ಕೈಗೇ ಬಂತು. ಆ ಡಿಸ್ಕಿನಿಂದ ಒಂದು ಫೈಲೂ ಸಿಗಲಿಲ್ಲ. ನಮ್ಮ ಘಟ್ಟದ ತೇವ, ಕರಾವಳಿಯ ಉಪ್ಪುಗಾಳಿ ಎರಡನ್ನೂ ನಾನು ಸ್ವಲ್ಪವೂ ನಂಬುವುದಿಲ್ಲ. ಎರಡು ನಕಲು ಮಾಡಿ. ಕಳಿಸುವ ನಕಲಿಗೆ ಪಾಸ್‌ವರ್ಡ್ ಹಾಕಿ, ಸದಸ್ಯರ ಸಾಲದ ಲೆಕ್ಕ ಅದು. ಕಾರವಾರದಲ್ಲಿ ಚೆಕ್‌ಸಮ್ (ನಕಲು ಮೂಲದಂತೆಯೇ ಇದೆಯೇ ಅಂತ ನೋಡುವ ಲೆಕ್ಕದ ಅಂಕಿ) ತಾಳೆಯಾಯಿತು ಅಂತ ಫೋನ್ ಬರುವವರೆಗೆ ಇಲ್ಲಿ ಏನನ್ನೂ ಅಳಿಸಬೇಡಿ.

ಪ್ರಶ್ನೆ: 100 ಎಂಬಿಪಿಎಸ್ ಫೈಬರ್ ಹಾಕಿಸಿದ್ದೇನೆ, ಡೌನ್‌ಲೋಡ್ 11 ದಾಟುವುದಿಲ್ಲ. ದೂರು ಕೊಡಲಾ? (ಕುಮಟಾ)

ಉತ್ತರ: ಬೇಡ. ನಿಮಗೆ ಕಾಣುವ 11 ಮೆಗಾಬೈಟಿನದು. 100 ಭಾಗಿಸು 8, ಹನ್ನೆರಡೂವರೆ; ಅದರಲ್ಲಿ ಸ್ವಲ್ಪ ಪ್ಯಾಕೆಟ್ಟಿನ ವಿಳಾಸದ ಭಾರಕ್ಕೆ ಹೋಗುತ್ತದೆ. ಪೂರ್ತಿ ಬರುತ್ತಿದೆ.

ಪ್ರಶ್ನೆ: ಸಾಟಾ 6 ಗಿಗಾಬಿಟ್ ಅಂದರೆ 750 ಮೆಗಾಬೈಟ್ ತಾನೇ? (ಹೊನ್ನಾವರ)

ಉತ್ತರ: 600. ಸಾಟಾ ಅಂದರೆ ಐಡಿಇಯ ನಂತರ ಬಂದ ಡಿಸ್ಕಿನ ಜೋಡಣೆ. ಇಲ್ಲಿ ಪ್ರತಿ 8 ಬಿಟ್ಟನ್ನು 10 ಮಾಡಿ ಕಳಿಸುತ್ತಾರೆ. ಅಡಿಕೆಯನ್ನು ಸಿಪ್ಪೆ ಸಮೇತ ತೂಗಿದ ಹಾಗೆ. ಆದ್ದರಿಂದ 10ರಿಂದ ಭಾಗಿಸಬೇಕು.

ಪ್ರಶ್ನೆ: 1 ಟಿಬಿ ಡಿಸ್ಕು 931 ಜಿಬಿ ತೋರಿಸುತ್ತಿದೆ. (ಭಟ್ಕಳ)

ಉತ್ತರ: ಅಂಗಡಿಯವರು ಎಣಿಸಿದ್ದು 1000ದಲ್ಲಿ, ವಿಂಡೋಸ್ ಎಣಿಸುವುದು 1024ರಲ್ಲಿ. ಡಿಸ್ಕು ಸರಿಯಿದೆ.

ಪ್ರಶ್ನೆ: ರೂಟರಿಗೆ ಸಿಕ್ಕಿಸಿದರೆ ವೇಗ ಎರಡು ಪಟ್ಟಾಗುವ ಚಿಪ್ಪು ಅಂತ ಒಬ್ಬರು ಮನೆಗೆ ಬಂದು ಮಾರುತ್ತಿದ್ದಾರೆ. (ಅಂಕೋಲಾ)

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ನಿಮ್ಮ ಪ್ಲಾನಿನ ಮಿತಿ ಇರುವುದು ಕಂಪನಿಯ ಕಡೆಯಲ್ಲಿ. ನಿಮ್ಮ ಮನೆಯಲ್ಲಿ ಏನನ್ನೇ ಸಿಕ್ಕಿಸಿದರೂ ಅದು ಏರುವುದಿಲ್ಲ. ಅಕ್ಕಪಕ್ಕದ ಮನೆಯವರಿಗೂ ಹೇಳಿ.

ಪ್ರಶ್ನೆ: ಒಂದು ಎಸ್‌ಟಿಎಂ-1ರಲ್ಲಿ 75 ಇ1 ಹಿಡಿಯುತ್ತದೆ ಅಂತ ಲೆಕ್ಕ ಮಾಡಿದೆ, ಸರಿಯಾ? (ಕಾರವಾರ)

ಉತ್ತರ: 63. ಎಸ್‌ಟಿಎಂ-1 ಅಂದರೆ ಹಲವು ಇ1ಗಳನ್ನು ಒಟ್ಟಿಗೆ ಸಾಗಿಸುವ 155.52 ಮೆಗಾಬಿಟ್ಟಿನ ದೊಡ್ಡ ಲೈನು. ನೀವು 155.52ನ್ನು 2.048ರಿಂದ ಭಾಗಿಸಿದ್ದೀರಿ. ನಡುವೆ ಚೌಕಟ್ಟಿಗೂ ಹೊಂದಾಣಿಕೆಗೂ ಹೋಗುವ ಬಿಟ್ಟುಗಳನ್ನು ಬಿಟ್ಟಿದ್ದೀರಿ.