ಒಂದೇ ಎಫ್‌ಡಿಗೆ ಇಬ್ಬರು ವಾರಸುದಾರರು

ಎಫ್‌ಡಿ ಎಂದರೆ ಫೈಲ್ ಡಿಸ್ಕ್ರಿಪ್ಟರ್, ಪ್ರೋಗ್ರಾಂ ತೆರೆದ ಫೈಲು, ಸಾಕೆಟ್ಟು, ಮ್ಯಾಪುಗಳಿಗೆ ಲಿನಕ್ಸ್ ಕೊಡುವ ನಂಬರು. ಒಂದೇ ಎಫ್‌ಡಿಯನ್ನು ಇಬ್ಬರು ತಮ್ಮದೆಂದುಕೊಳ್ಳುವ ತೊಂದರೆ ಹೊತ್ತು ಬರುವವರು ಕಡಿಮೆಯಾಗುತ್ತಿಲ್ಲ. ಅದಕ್ಕೇ ಒಬ್ಬರ ಕಥೆಯನ್ನು ಹೆಸರು ಹೇಳದೆ ಬರೆಯುತ್ತಿದ್ದೇನೆ. ಬಂದವರದ್ದು ರಸ್ಟ್ ಭಾಷೆಯ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ. ಲಿಬ್‌ಬಿಪಿಎಫ್ ಲೈಬ್ರರಿಯ ಮೂಲಕ ಇಬಿಪಿಎಫ್ ಪ್ರೋಗ್ರಾಂ (ಕರ್ನಲ್ ಒಳಗೇ ಓಡುವ ಪುಟ್ಟ ಕೋಡ್) ಲೋಡ್ ಮಾಡಿ, ತಡೆಯಬೇಕಾದ ಐಪಿಗಳನ್ನು ಕರ್ನಲ್ ಮ್ಯಾಪಿಗೆ, ಅಂದರೆ ಆ ಕೋಡ್ ಓದುವ ಕೀ-ವ್ಯಾಲ್ಯೂ ಪಟ್ಟಿಗೆ, ತುಂಬುತ್ತಿತ್ತು. ಎಣಿಕೆಗೆಂದು ಇನ್ನೊಂದು ಮ್ಯಾಪೂ ಇತ್ತು. ರೀಲೋಡ್ ಆದಮೇಲೆ ಒಮ್ಮೊಮ್ಮೆ ತಡೆ ನಡೆಯುತ್ತಿರಲಿಲ್ಲ, ಎರರೂ ಇಲ್ಲ. ಕರ್ನಲ್ಲಿನದೇ ತಪ್ಪು ಎಂದು ಅವರು ನಂಬಿದ್ದರು.

ಕೋಡ್ ತೋರಿಸುತ್ತಾ ಅಂದರು: “ಡೀಬಗ್ ಬಿಲ್ಡ್ ಮಾತ್ರ ಅಬಾರ್ಟ್ ಆಗತ್ತೆ ಸರ್. ರಿಲೀಸ್‌ನಲ್ಲಿ ಚೆನ್ನಾಗೇ ಓಡತ್ತೆ, ಹಾಗಾಗಿ ಅದನ್ನ ಬಿಟ್ಟೆ.”

ರೋಗ ಅಲ್ಲೇ ಇತ್ತು. ಮ್ಯಾಪಿನ ಎಫ್‌ಡಿ ಕೇಳುವ ಬಿಪಿಎಫ್_ಮ್ಯಾಪ್__ಎಫ್‌ಡಿ ಫಂಕ್ಷನ್ ಕೊಡುವ ನಂಬರಿನ (ಇಲ್ಲಿ 9) ಒಡೆತನ, ಲೋಡ್ ಆದದ್ದನ್ನೆಲ್ಲ ಹಿಡಿದಿರುವ ಲಿಬ್‌ಬಿಪಿಎಫ್ ಆಬ್ಜೆಕ್ಟಿನದು. ಇವರು ಅದನ್ನೇ ರಸ್ಟಿನ ಫ್ರಮ್_ರಾ_ಎಫ್‌ಡಿಗೆ ಕೊಟ್ಟು ಓನ್ಡ್‌ಎಫ್‌ಡಿ, ಅಂದರೆ ಡ್ರಾಪ್ ಆದಾಗ (ಬಳಕೆ ಮುಗಿದಾಗ) ಎಫ್‌ಡಿಯನ್ನು ತಾನೇ ಮುಚ್ಚುವ ಇನ್ನೊಬ್ಬ ಒಡೆಯನನ್ನು, ಮಾಡಿಕೊಂಡಿದ್ದರು. ರೀಲೋಡಿನಲ್ಲಿ ಆಬ್ಜೆಕ್ಟ್ ಮುಚ್ಚಿದಾಗ 9 ಖಾಲಿಯಾಯಿತು, ಇವರ ಕೈಯಲ್ಲಿ ಮಾತ್ರ ಹಳೆಯ 9 ಉಳಿಯಿತು. ಲಿನಕ್ಸ್ ಯಾವಾಗಲೂ ಖಾಲಿ ಇರುವ ಅತಿ ಸಣ್ಣ ನಂಬರನ್ನೇ ಕೊಡುತ್ತದೆ. ಹಾಗೆಯೇ ಖಾಲಿಯಾದ 8ನ್ನು ನಡುವೆ ತೆರೆದ ಸಾಕೆಟ್ಟೊಂದು ಹಿಡಿದಿದ್ದರಿಂದ ನಂಬರುಗಳು ಮುಂದೆ ಸರಿದು, ಹೊಸ ಲೋಡಿನಲ್ಲಿ 9 ಎಣಿಕೆಯ ಮ್ಯಾಪಿಗೆ ಹೋಯಿತು. ಎರಡೂ ಮ್ಯಾಪಿನಲ್ಲಿ ಕೀ 4 ಬೈಟ್, ವ್ಯಾಲ್ಯೂ 8 ಬೈಟ್. ಅಳತೆ ಒಂದೇ ಆದ್ದರಿಂದ ಐಪಿಗಳು ಎಣಿಕೆಯ ಮ್ಯಾಪಿನಲ್ಲಿ ಸದ್ದಿಲ್ಲದೆ ಕೂತವು. ಕೊನೆಗೆ ಹಳೆಯ ಓನ್ಡ್‌ಎಫ್‌ಡಿ ಡ್ರಾಪ್ ಆದಾಗ ಎಣಿಕೆಯ ಮ್ಯಾಪಿನ ಎಫ್‌ಡಿಯೂ ಮುಚ್ಚಿತು. 9 ಯಾರಿಗೂ ಸಿಗದೆ ಖಾಲಿಯೇ ಇದ್ದ ದಿನ ಮಾತ್ರ, ಆಗಲೇ ಮುಚ್ಚಿದ ಎಫ್‌ಡಿಯನ್ನು ಮತ್ತೆ ಮುಚ್ಚಹೊರಟಿದ್ದು ಕಂಡು ಡೀಬಗ್ ಬಿಲ್ಡ್ ಅಬಾರ್ಟ್ ಆಗುತ್ತಿತ್ತು. ಅವರು ಕಡೆಗಣಿಸಿದ್ದು ಅದೊಂದೇ ಸುಳಿವನ್ನು.

“ಕ್ಲೋಸ್ ಆಗಿದೆಯಾ ಅಂತ ಒಂದು ಫ್ಲ್ಯಾಗ್ ಇಡ್ಲಾ?” ಎಂದರು. ಬೇಡವೆಂದೆ. ಲೈಬ್ರರಿ ಮುಚ್ಚಿದ್ದು ಆ ಫ್ಲ್ಯಾಗಿಗೆ ಹೇಗೆ ಗೊತ್ತಾಗಬೇಕು?

ಹೇಳಿದ್ದು ಇಷ್ಟು. ಕ್ಷಣಕಾಲಕ್ಕೆ ಬೇಕಿದ್ದರೆ ಬಾರೋಡ್‌ಎಫ್‌ಡಿ ಸಾಕು, ಅದು ಎರವಲು ಮಾತ್ರ, ಮುಚ್ಚುವುದಿಲ್ಲ. ಆಬ್ಜೆಕ್ಟಿಗಿಂತ ಹೆಚ್ಚು ಕಾಲ ಬಾಳಬೇಕಿದ್ದರೆ, ಅದು ಜೀವಂತ ಇರುವಾಗಲೇ ಬಾರೋಡ್‌ಎಫ್‌ಡಿಯಿಂದ ಟ್ರೈ_ಕ್ಲೋನ್_ಟು_ಓನ್ಡ್ ಮಾಡಿ ನಿಮ್ಮದೇ ನಕಲು ಪಡೆಯಿರಿ. ನಂಬರು ಬೇರೆ ಬರುತ್ತದೆ, ಮ್ಯಾಪ್ ಅದೇ. ನಕಲಿಗೆ ಬರಿಯ ಡಪ್ ಕರೆಯಬೇಡಿ, ಬೇರೆ ಪ್ರೋಗ್ರಾಂ ಶುರುವಾಗುವಾಗ ಎಫ್‌ಡಿಯನ್ನು ತಾನಾಗಿ ಮುಚ್ಚಿಸುವ ಕ್ಲೋಸ್-ಆನ್-ಎಕ್ಸೆಕ್ ಫ್ಲ್ಯಾಗ್ ಕಳೆದುಹೋಗುತ್ತದೆ. ಒಂದು ಎಫ್‌ಡಿ ದಂಡವಲ್ಲವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಒಂದು ಪ್ರೋಸೆಸ್ಸಿಗೆ ಎಫ್‌ಡಿಗಳ ಸಾಮಾನ್ಯ ಸಾಫ್ಟ್ ಮಿತಿಯೇ 1024 ಇರುವಾಗ ಈ ಜಿಪುಣತನ ನನಗೆ ಒಪ್ಪಿಗೆಯಿಲ್ಲ. ಆದರೆ ರೀಲೋಡಿನಲ್ಲಿ ಹೊಸ ಮ್ಯಾಪ್ ಹುಟ್ಟುವುದರಿಂದ ಹಳೆಯ ಕ್ಲೋನನ್ನು ಬಿಟ್ಟು ಹೊಸದನ್ನು ಪಡೆಯಲೇಬೇಕು. ಇಲ್ಲದಿದ್ದರೆ ಯಾರೂ ಓದದ ಮ್ಯಾಪಿಗೆ ಬರೆಯುತ್ತಿರುತ್ತೀರಿ.

ಅನುಮಾನ ಬಂದರೆ /ಪ್ರೋಕ್ ಒಳಗೆ ಆ ಪ್ರೋಸೆಸ್ಸಿನ ಎಫ್‌ಡಿಇನ್ಫೋ ಫೋಲ್ಡರಿನಲ್ಲಿ 9 ಎಂಬ ಫೈಲ್ ತೆರೆಯಿರಿ. ಆ ನಂಬರು ಯಾವ ಮ್ಯಾಪಿನದೆಂದು ಹೇಳುವ ಮ್ಯಾಪ್_ಐಡಿ ಅಲ್ಲೇ ಇರುತ್ತದೆ. ರೀಲೋಡಿಗೆ ಮೊದಲು ಮತ್ತು ಆಮೇಲೆ ಎರಡನ್ನೂ ಹೋಲಿಸಿ.