ಜಾಣ ಮಕ್ಕಳನ್ನೂ ನಿಧಾನದ ಮಕ್ಕಳನ್ನೂ ಬೇರೆ ಬೇರೆ ಕೂರಿಸಬಹುದೇ?

ಎರಡನೇ ತರಗತಿಯಲ್ಲಿ 28 ಮಕ್ಕಳು, ಆರು ಜನಕ್ಕೆ ಕನ್ನಡವೇ ಸರಿಯಾಗಿ ಬರುವುದಿಲ್ಲ, ಜಾಣರನ್ನು ಒಂದು ಕಡೆ, ನಿಧಾನದವರನ್ನು ಇನ್ನೊಂದು ಕಡೆ ಕೂರಿಸಿದರೆ ಪಾಠ ಸುಲಭ ಆಗುತ್ತದಾ ಅಂತ ಕೇಳಿದ್ದೀರಿ. ಬೇಡ. ನಾನು ಹಾಗೆ ಕೂರಿಸಿದ್ದೆ.

2014ರಲ್ಲಿ ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಶಾಲೆಗೆ ಹೋದೆ. ನಾನು ಹಾಸನದ ಕಡೆಯವಳು. ನಲಿ-ಕಲಿ ಕೊಠಡಿ, ಅಂದರೆ ಚಟುವಟಿಕೆಗಳ ಮೂಲಕ ಕಲಿಸುವ ಕೊಠಡಿ, ಒಂದರಿಂದ ಮೂರನೇ ತರಗತಿಯ 31 ಮಕ್ಕಳು ಒಟ್ಟಿಗೆ. ಅವರಲ್ಲಿ 9 ಮಕ್ಕಳು ಪಕ್ಕದ ತಾಂಡಾದವರು. ಮನೆಯಲ್ಲಿ ಲಂಬಾಣಿ ಮಾತು.

ಮೊದಲ ವಾರ ಮಕ್ಕಳ ಮಟ್ಟ ತಿಳಿಯಲು ನಾನೇ ಚಿತ್ರದ ಕಾರ್ಡ್ ಮಾಡಿಕೊಂಡೆ. ಆಕಳು, ರೊಟ್ಟಿ, ಮನೆ, ಹೀಗೆ. ಒಬ್ಬೊಬ್ಬರನ್ನೇ ಕರೆದು "ಇದೇನು?" ಅಂತ ಕೇಳಿದೆ. ತಾಂಡಾದ ಒಬ್ಬ ಹುಡುಗ, ಆರು ವರ್ಷ, ರೊಟ್ಟಿ ಚಿತ್ರ ನೋಡಿ "ಬಾಟಿ" ಅಂದ. ಬಾಟಲಿ ಅನ್ನುತ್ತಿದ್ದಾನೆ ಎಂದುಕೊಂಡೆ. ಮತ್ತೆ ಕೇಳಿದೆ. ಮತ್ತೆ ಬಾಟಿ ಅಂದ. ಮೂರನೇ ಸಲ ಕೇಳಿದಾಗ ಸುಮ್ಮನಾದ. ನನ್ನ ಪುಸ್ತಕದಲ್ಲಿ "ಚಿತ್ರ ಗುರುತಿಸುವುದಿಲ್ಲ, ಮಾತು ಕಡಿಮೆ" ಅಂತ ಬರೆದುಕೊಂಡೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮಾಡುವಾಗ ಅದು ತಪ್ಪು ಅನ್ನಿಸುವುದೇ ಇಲ್ಲ. ಅವನು ರೊಟ್ಟಿಯನ್ನು ಗುರುತಿಸಿದ್ದ. ದಿನಾ ತಿನ್ನುವ ವಸ್ತು ಅಲ್ವಾ? ಅದರ ಹೆಸರನ್ನೂ ಹೇಳಿದ್ದ. ಆ ಹೆಸರು ಗೊತ್ತಿಲ್ಲದೆ ಇದ್ದದ್ದು ನನಗೆ. ನಾನು ಪರೀಕ್ಷೆ ಮಾಡಿದ್ದು ಅವನ ಕನ್ನಡವನ್ನು, ಬರೆದುಕೊಂಡದ್ದು ಅವನ ಬುದ್ಧಿಯ ಬಗ್ಗೆ. ಒಮ್ಮೆ ಬರೆದ ಮೇಲೆ ನಾನು ಅದನ್ನೇ ನಂಬಿದೆ. ಅವನು ಸುಮ್ಮನೆ ಕೂತರೆ "ನೋಡು, ಮಾತು ಕಡಿಮೆ" ಅನ್ನಿಸುತ್ತಿತ್ತು. ಅವನ ಬಾಯಿ ಮುಚ್ಚಿಸಿದ್ದೇ ನಾನು ಅನ್ನುವುದು ಹೊಳೆಯಲಿಲ್ಲ.

ನಲಿ-ಕಲಿಯಲ್ಲಿ ಐದು ಗುಂಪು ಇರುತ್ತವೆ, ಅವಕ್ಕೆ ತಟ್ಟೆ ಅಂತಾರೆ. ಚಟುವಟಿಕೆ ಬದಲಾದ ಹಾಗೆ ಮಗು ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ ಹೋಗಬೇಕು. ಮಕ್ಕಳು ಎದ್ದು ಓಡಾಡುವುದು ನನಗೆ ಗಲಾಟೆ ಅನ್ನಿಸಿತು. ಜಾಗ ಖಾಯಂ ಮಾಡಿದೆ. ಚುರುಕಿನವರು ಕಿಟಕಿ ಹತ್ತಿರ, ನಿಧಾನದವರು ಬಾಗಿಲ ಹತ್ತಿರ.

ನವೆಂಬರಿನಲ್ಲಿ ಒಂದು ದಿನ ಬಿಸಿಯೂಟದ ಅಡುಗೆಯವರು ಕೊಠಡಿಗೆ ಇಣುಕಿ ಕೇಳಿದರು: "ಅಕ್ಕೋರ, ತಾಂಡಾದ ಹುಡುಗರ್ನಷ್ಟ ಯಾಕ ಬ್ಯಾರೆ ಕುಂದ್ರಿಸೀರಿ?"

ನೋಡಿದೆ. ಬಾಗಿಲ ಹತ್ತಿರ ನಾನು ಜಾಗ ಕೊಟ್ಟಿದ್ದು ಹತ್ತು ಮಕ್ಕಳಿಗೆ. ಒಂಬತ್ತು ಜನ ತಾಂಡಾದವರು. ಐದು ತಿಂಗಳು ದಿನವೂ ನೋಡಿದ್ದೆ, ಕಂಡಿರಲಿಲ್ಲ.

ಅಷ್ಟರಲ್ಲಿ ಆ ಹುಡುಗ ಶಾಲೆ ಬಿಟ್ಟು ಎರಡು ವಾರ ಆಗಿತ್ತು. ದೀಪಾವಳಿ ಮುಗಿಸಿ ಅಪ್ಪ-ಅಮ್ಮ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು. ಅವನನ್ನು ಅಜ್ಜಿ ಹತ್ತಿರ ಬಿಟ್ಟು ಹೋಗುವ ಮಾತಿತ್ತಂತೆ. ಅಜ್ಜಿಯ ಮನೆಗೆ ಹೋದೆ. "ಶಾಲಿಗೆ ಹೋಗಂಗಿಲ್ಲ ಅಂತ ಅತ್ತಾನ್ರೀ ಅಕ್ಕೋರ, ಅದಕ್ಕ ಕರ್ಕೊಂಡು ಹೋದ್ರು" ಅಂದರು. ಬಿಸಿ ಜೋಳದ ರೊಟ್ಟಿ ತಂದು ಕೊಟ್ಟರು. ಕೊಡುವಾಗ "ಬಾಟಿ" ಅಂದರು. ಆಗ ಗೊತ್ತಾಯಿತು ನನಗೆ.

ಯುಗಾದಿ ಹೊತ್ತಿಗೆ ಬಂದ. ಅಷ್ಟರಲ್ಲಿ ವರ್ಷವೇ ಮುಗಿಯುತ್ತಾ ಬಂದಿತ್ತು. ಮುಂದಿನ ವರ್ಷವೂ ಹೋದ. ಆಮೇಲೆ ಅವನು ಖಾಯಂ ಆಗಿ ಶಾಲೆಗೆ ಬರಲೇ ಇಲ್ಲ. ಬಡತನ, ಗುಳೆ ಎಲ್ಲಾ ಇತ್ತು, ನಿಜ. ಆದರೆ ಆ ಮೊದಲ ವರ್ಷ ಅವನು ಇಲ್ಲೇ ಉಳಿಯಬಹುದಿತ್ತು. ಉಳಿಯಲು ಕಾರಣ ಕೊಡಬೇಕಾಗಿದ್ದವಳು ನಾನು.

ಹಾಗಾಗಿ "ಹೇಗೆ ವಿಂಗಡಿಸಲಿ" ಅನ್ನುವ ಪ್ರಶ್ನೆಯನ್ನೇ ಬಿಡಿ. ನಿಮ್ಮ ಆರು ಮಕ್ಕಳು ನಿಧಾನದವರು ಅಂತ ನಿಮಗೆ ಇನ್ನೂ ಗೊತ್ತಿಲ್ಲ. ಕನ್ನಡ ಬರುವುದಿಲ್ಲ ಅಂತ ಮಾತ್ರ ಗೊತ್ತು. ಅಕ್ಷರ ಗಟ್ಟಿ ಮಾಡಿಸಲು ಇಪ್ಪತ್ತು ನಿಮಿಷ ಒಂದು ಗುಂಪು ಮಾಡಿ, ತಪ್ಪಿಲ್ಲ. ಮುಗಿದ ಮೇಲೆ ಆ ಗುಂಪನ್ನು ಒಡೆಯಿರಿ. ಕೂರುವ ಜಾಗ ಮಾತ್ರ ಖಾಯಂ ಆಗಬಾರದು.

ನಾನು ಮರುವರ್ಷ ಮೂರನೇ ತರಗತಿಯ ತಾಂಡಾದ ಒಬ್ಬ ಹುಡುಗಿಯನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಎಂದು. ಇಷ್ಟರಲ್ಲೇ ಸರ, ಅರಸ, ಗರಗಸ ಓದಬಹುದು. ಆದರೆ ಗರಗಸ ಅಂದರೆ ಏನು ಅಂತಲೇ ಗೊತ್ತಿಲ್ಲದ ಮಗುವಿಗೆ ಅದು ಬರೀ ಸದ್ದು. ಆ ಹುಡುಗಿ ಮೊದಲು ಲಂಬಾಣಿಯಲ್ಲಿ ಹೇಳುತ್ತಿದ್ದಳು, ಆಮೇಲೆ ನಾನು ಕನ್ನಡದಲ್ಲಿ. ಮಕ್ಕಳು ತಮ್ಮ ಮಾತಿನಲ್ಲೇ ಉತ್ತರ ಹೇಳಿದರೂ ಸರಿ ಅಂದೆ. ಮನೆಮಾತಿನಿಂದ ಶುರು ಮಾಡಿದರೆ ಕನ್ನಡ ಹಿಂದೆ ಬೀಳುತ್ತದೆ ಅಂತ ಹೆದರಿಸುವವರು ಜಾಸ್ತಿ. ನನ್ನ ಕೊಠಡಿಯಲ್ಲಿ ಉಲ್ಟಾ ಆಯಿತು. ದೀಪಾವಳಿ ಹೊತ್ತಿಗೆ ಅವರು ಕನ್ನಡದಲ್ಲೇ ಜಗಳ ಆಡುತ್ತಿದ್ದರು.

ಇನ್ನೊಂದು. ಯಾರನ್ನಾದರೂ ನಿಧಾನ ಅನ್ನುವ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ನನ್ನ ಬಾಗಿಲ ಬಳಿಯ ಹತ್ತನೆಯ ಮಗುವಿಗೆ ಬೇಕಾಗಿದ್ದದ್ದು ಕನ್ನಡಕ.

ನಾಳೆ ಆ ಆರು ಮಕ್ಕಳನ್ನು ಕರೆದು ನಿಮ್ಮ ಮನೆಯಲ್ಲಿ ರೊಟ್ಟಿಗೆ, ನೀರಿಗೆ, ಅಮ್ಮನಿಗೆ ಏನಂತಾರೆ ಅಂತ ಕೇಳಿ. ಹೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆಯಿರಿ. ಉಳಿದ 22 ಮಕ್ಕಳೂ ಅದನ್ನು ಜೋರಾಗಿ ಓದಲಿ.