ಫೋನ್ ಎತ್ತದ ಮಗ, ಕಳ್ಳನನ್ನು ಬಿಟ್ಟ ಪೀಟರ್

ಊರವರ ಹೊಣೆಯನ್ನೆಲ್ಲ ಹೊತ್ತುಕೊಂಡು ನಿದ್ದೆಗೆಟ್ಟು ನನ್ನ ಬಳಿ ಆಪ್ತಸಮಾಲೋಚನೆಗೆ ಬರುವ ಗಂಡಸರು ಹೆಚ್ಚುತ್ತಿದ್ದಾರೆ. ಇವರು ಅವರಲ್ಲೊಬ್ಬರು; ಗುರುತು ಸಿಗದಂತೆ ವಿವರ ಬದಲಿಸಿದೆ. ಊರಿನಲ್ಲಿದ್ದ ತಂದೆಗೆ ರಾತ್ರಿ ಹೃದಯಾಘಾತವಾದಾಗ ಇವರ ಫೋನ್ ಸೈಲೆಂಟ್‌ನಲ್ಲಿತ್ತು. ತಂದೆ ಉಳಿಯಲಿಲ್ಲ. ಆಮೇಲೆ ನಡುರಾತ್ರಿ ಗೆಳೆಯರ ಗಾಡಿ ಕೆಟ್ಟರೂ ಇವರೇ ಓಡತೊಡಗಿದರು. ಹೆಂಡತಿಯ ಬೇಡಿಕೆ ಒಂದೇ: "ಆ ಸ್ಪೈಡರ್‌ಮ್ಯಾನ್ ಪುಸ್ತಕಗಳನ್ನ ರದ್ದಿಗೆ ಹಾಕಿಸಿ ಮೇಡಂ."

ನಾನು ಒಪ್ಪಲಿಲ್ಲ. ಅವರು ತಂದೆಯ ಸಾವಿನ ಬಗ್ಗೆ ಬಾಯಿಬಿಡುತ್ತಿದ್ದುದೇ ಆ ಕಥೆಯ ನೆಪದಲ್ಲಿ. ಸ್ಪೈಡರ್‌ಮ್ಯಾನ್ ಆಗುವ ಹುಡುಗ ಪೀಟರ್, ಅವನನ್ನು ಸಾಕಿದ ಚಿಕ್ಕಪ್ಪ ಬೆನ್. ಪೀಟರ್ ಹೋಗಗೊಟ್ಟ ಕಳ್ಳನೇ ಮುಂದೆ ಬೆನ್‌ರನ್ನು ಕೊಲ್ಲುತ್ತಾನೆ.

"ಪೀಟರ್ ಕಳ್ಳನನ್ನ ಬಿಟ್ಟ, ಬೆನ್ ಅಂಕಲ್ ಸತ್ತರು. ನಾನು ಫೋನ್ ಎತ್ತಲಿಲ್ಲ, ಅಪ್ಪ ಹೋದ್ರು. ಏನ್ ವ್ಯತ್ಯಾಸ?"

ಆ ಕಥೆ ಮೊದಲು ಬಂದ, 1962ರ 'ಅಮೇಜಿಂಗ್ ಫ್ಯಾಂಟಸಿ' ಕಾಮಿಕ್‌ನ 15ನೇ ಸಂಚಿಕೆಯ ಆ ಪುಟ ತೆಗೆಸಿದೆ. ಕಳ್ಳ ಓಡಿಬರುತ್ತಾನೆ, ಹಿಂದಿನಿಂದ ಪೊಲೀಸಿನವನು ತಡೆಯಲು ಕೂಗುತ್ತಾನೆ. ಪೀಟರ್‌ಗೆ ಎಲ್ಲ ಕಾಣುತ್ತದೆ, ಕೇಳುತ್ತದೆ. ತನಗ್ಯಾಕೆ ಎಂದು ಸುಮ್ಮನಿರುತ್ತಾನೆ.

"ನಿಮಗೆ ರಿಂಗ್ ಕೇಳಿಸಿತ್ತಾ?"

"ಇಲ್ಲ... ಮಲಗಿದ್ದೆ."

ಇನ್ನೊಂದು ವಿಷಯ. ಶಕ್ತಿಯ ಜೊತೆ ಜವಾಬ್ದಾರಿಯೂ ಬರುತ್ತದೆಂಬ ಮಾತನ್ನು ಆ ಸಂಚಿಕೆಯಲ್ಲಿ ಬೆನ್ ಆಡುವುದೇ ಇಲ್ಲ. ಅದು ಕೊನೆಯ ಚೌಕದ ನಿರೂಪಣೆ. ಸತ್ತ ಹಿರಿಯರ ಅಪ್ಪಣೆಯೆಂದು ಇವರು ಅದನ್ನು ಹೊತ್ತು ತಿರುಗುತ್ತಿದ್ದರು.

ಮನೆಗೆ ಕೊಟ್ಟ ಕೆಲಸ: ಸಾವಿಗೆ ಕಾರಣವಾದದ್ದನ್ನೆಲ್ಲ ಪಟ್ಟಿ ಮಾಡಿ, ಒಂದು ವೃತ್ತ ಬರೆದು ಒಟ್ಟು 100ರಲ್ಲಿ ಪಾಲು ಹಂಚುವುದು. ಹಳೆಯ ಸಕ್ಕರೆ ಕಾಯಿಲೆ, ಬಿಟ್ಟ ಮಾತ್ರೆ, ಗ್ಯಾಸ್ಟ್ರಿಕ್ ಎಂದು ಕಳೆದ ಒಂದು ಗಂಟೆ, ಆಸ್ಪತ್ರೆಯ ದೂರ. ತಮ್ಮ ಪಾಲು ಕಟ್ಟಕಡೆಗೆ. ಇಲ್ಲೇ ಎಡವುವುದು: ಮೊದಲೇ ತಮ್ಮ ಹೆಸರು ಬರೆದು 80 ಹಾಕಿದ್ದರು, ಉಳಿದದ್ದಕ್ಕೆಲ್ಲ ಚೂರುಪಾರು. ತಿರುಗಿ ಬರೆಸಿದಾಗ ತಮಗೆ ಉಳಿದದ್ದು 5. ಅದನ್ನೂ ಸೊನ್ನೆ ಮಾಡಬೇಕಿತ್ತೆಂದು ಕೆಲವರು ವಾದಿಸಬಹುದು. ನಾನು ಮಾಡಿಸುವುದಿಲ್ಲ, ಬಲವಂತದ ಸೊನ್ನೆಯನ್ನು ಬಸ್ ಹತ್ತುವಷ್ಟರಲ್ಲಿ ಅವರೇ ಅಳಿಸಿರುತ್ತಾರೆ. ಇಷ್ಟಾದರೂ ನಿದ್ದೆ ಬಾರದಿದ್ದರೆ, ಸಾಯುವ ಯೋಚನೆ ಬಂದರೆ ಕಾಯಬೇಡಿ. ಮನೋವೈದ್ಯರನ್ನು ಕಾಣಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಫೋನಿಗೆ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ 'ಡು ನಾಟ್ ಡಿಸ್ಟರ್ಬ್'. ತಾಯಿ, ತಂಗಿ, ಊರಿನ ಪಕ್ಕದ ಮನೆಯವರು, ಈ ಮೂರು ನಂಬರಿಗೆ ಮಾತ್ರ ವಿನಾಯಿತಿ. ನಾಲ್ಕನೆಯದಾಗಿ ಗೆಳೆಯನೊಬ್ಬನನ್ನು ಸೇರಿಸಬೇಕೆಂದು ಅವರಿಗೆ ಆಸೆ. ಹೆಂಡತಿ ಇನ್ನೂ ಒಪ್ಪಿಲ್ಲ.